ಕಾರು ಓಡುತ್ತೆ, ಕಥೆ ಯಾಕೆ ನಿಲ್ಲುತ್ತೆ?

ಈ ಸಲದ ಓದುಗರ ಪ್ರಶ್ನೆಗಳೆಲ್ಲ ವೈಜ್ಞಾನಿಕ ಕಲ್ಪನೆಯ ರೇಸ್ ಅನಿಮೇಷನ್ ಸುತ್ತ ಇವೆ. ಕೆಲವು ಪತ್ರ 2009ರ ಜಪಾನಿ ಚಿತ್ರ ‘ರೆಡ್‌ಲೈನ್’ ಬಗ್ಗೆ, ಉಳಿದವು ಸ್ವಂತ ಕಿರುಚಿತ್ರಕ್ಕೆ ಕೈಹಾಕಿದವರದು. ‘ರೆಡ್‌ಲೈನ್’ ಕೊನೆಗೆ ಏನಾಗುತ್ತದೆ ಎಂಬುದೂ ಉತ್ತರಗಳಲ್ಲಿ ಬಂದಿದೆ. ನೋಡದವರು ಮೊದಲು ಚಿತ್ರ ನೋಡಿಕೊಂಡು ಬಂದರೆ ಒಳ್ಳೆಯದು.

ಪ್ರಶ್ನೆ: ನಾಲ್ಕು ಜನ ಸೇರಿ ‘ರೆಡ್‌ಲೈನ್’ ನೋಡಿದೆವು. ಕಣ್ಣಿಗೆ ಹಬ್ಬ. ಆದರೆ ಕಥೆ ಏನು ಅಂತ ಮನೆಯವರಿಗೆ ಹೇಳಲು ಹೋದರೆ ಎರಡೇ ವಾಕ್ಯಕ್ಕೆ ಮುಗಿದುಹೋಯಿತು. ಕಥೆ ಸಪ್ಪೆಯೋ, ನಾವೇ ಜಾಸ್ತಿ ನಿರೀಕ್ಷಿಸಿದೆವೋ?
— ಗೆಳೆಯರ ಬಳಗ, ಬನಶಂಕರಿ ಎರಡನೇ ಹಂತ

ಉತ್ತರ: ಎರಡು ವಾಕ್ಯದ ಕಥೆ ರೇಸ್ ಚಿತ್ರಕ್ಕೆ ಧಾರಾಳವಾಯಿತು. ಇವನು ಗೆಲ್ಲಬೇಕು, ಅಷ್ಟೇ. ಗೆಲುವಿಗೆ ಅವನು ಏನು ತೆರಬೇಕಾದೀತು ಎನ್ನುವುದು ಮಾತ್ರ ನೋಡುಗನಿಗೆ ಆಗಾಗ ಹೊಸದಾಗಿ ಗೊತ್ತಾಗುತ್ತಿರಬೇಕು. ಈ ಅಳತೆಗೋಲು ಹಿಡಿದು ನೋಡಿದರೆ ತಕೇಶಿ ಕೊಯಿಕೆ ನಿರ್ದೇಶನದ ಈ 102 ನಿಮಿಷದ ಚಿತ್ರ ಶುರುವಿನಲ್ಲಿ ಗಟ್ಟಿ, ನಡುವೆ ಸಡಿಲ.

ಐದು ವರ್ಷಕ್ಕೊಮ್ಮೆ ನಡೆಯುವ ರೆಡ್‌ಲೈನ್ ಪಂದ್ಯಕ್ಕೆ ಅರ್ಹತೆ ಕೊಡುವ ಯೆಲ್ಲೋಲೈನ್ ರೇಸಿನಿಂದ ಚಿತ್ರ ಆರಂಭ. (ನಮ್ಮ ಮೆಟ್ರೋದ ಹಳದಿ ಮಾರ್ಗಕ್ಕೂ ಇದಕ್ಕೂ ಸಂಬಂಧವಿಲ್ಲ, ಈ ರೇಸಿನಲ್ಲಿ ಮುಂದಿನ ಗಾಡಿಗೆ ಯಾರೂ ಕಾಯುವುದಿಲ್ಲ.) ಸುತ್ತಲಿನ ಕಾರುಗಳಲ್ಲಿ ಆಯುಧ ತುಂಬಿದ್ದರೂ ನಾಯಕ ಜೆಪಿಯ ಕಾರಿನಲ್ಲಿ ಒಂದೂ ಇಲ್ಲ. ಅವನ ಮೆಕ್ಯಾನಿಕ್ ಫ್ರಿಸ್ಬಿ, ಹಳೆಯ ಗೆಳೆಯ, ಮಾಫಿಯಾ ಜೊತೆ ಸೇರಿ ಪಂದ್ಯ ಫಿಕ್ಸ್ ಮಾಡಿದ್ದಾನೆ. ಜೆಪಿ ಇನ್ನೇನು ಗೆದ್ದ ಎನ್ನುವಷ್ಟರಲ್ಲಿ ಕಾರು ಸಿಡಿದು ಚೂರಾಗುತ್ತದೆ, ಇನ್ನೊಬ್ಬ ಸ್ಪರ್ಧಿ ಸೊನೊಶಿ ಮುಂದೆ ಹೋಗಿ ಗೆಲ್ಲುತ್ತಾಳೆ. ನಾಯಕನ ಹಟ, ಗೆಳೆಯನ ದ್ರೋಹ, ಇವನ ಕಣ್ಣಿಗೆ ಬಿದ್ದ ಹುಡುಗಿ, ಮೂರೂ ರೇಸಿನ ಒಳಗೇ ಬಂದವು. ಯಾರೂ ಕುರ್ಚಿ ಎಳೆದುಕೊಂಡು ಕೂತು ವಿವರಿಸಲಿಲ್ಲ. ರೇಸ್ ಚಿತ್ರ ಬರೆಯುವವರು ಈ ಭಾಗವನ್ನು ಶಾಟ್ ಶಾಟಾಗಿ ಬಿಡಿಸಿ ನೋಡಬೇಕು.

ಮುಖ್ಯ ರೇಸ್ ರೋಬೋವರ್ಲ್ಡ್ ಎಂಬ ಗ್ರಹದಲ್ಲಿ ಎಂದು ಪ್ರಕಟವಾಗುತ್ತದೆ. ಅಲ್ಲಿನ ಸೇನೆ ಸ್ಪರ್ಧಿಗಳನ್ನು ಜೀವಸಹಿತ ಬಿಡುವುದಿಲ್ಲ ಎಂಬ ಭಯಕ್ಕೆ ಇಬ್ಬರು ಹಿಂದೆ ಸರಿದು ಜೆಪಿಗೆ ಜಾಗ ಸಿಗುತ್ತದೆ. ಪುಕ್ಕಟೆ ಅವಕಾಶ ಎಂದು ಕೆಲವರು ಮೂಗು ಮುರಿಯುತ್ತಾರೆ. ನಮಗೆ ಹಾಗನ್ನಿಸುವುದಿಲ್ಲ. ಬೇರೆಯವರು ಯಾಕೆ ಬೇಡ ಎಂದರು ಎನ್ನುವುದರಲ್ಲೇ ಇವನು ತೆರಬೇಕಾದ ಬೆಲೆಯ ಚೀಟಿ ಇದೆ.

ಎಡವಟ್ಟು ಆಮೇಲೆ. ಮಧ್ಯಭಾಗದಲ್ಲಿ ಸ್ಪರ್ಧಿಗಳ ಪರಿಚಯ, ರೋಬೋವರ್ಲ್ಡ್ ಅಧಿಕಾರಿಗಳ ಸಭೆ, ಗುಪ್ತ ಅಸ್ತ್ರಗಳ ಮಾತು ಒಂದರ ಹಿಂದೊಂದು ಬರುತ್ತವೆ. ಅಷ್ಟು ಹೊತ್ತೂ ಜೆಪಿ ತೀರ್ಮಾನಿಸಬೇಕಾದ್ದು ಏನೂ ಇಲ್ಲ. ಓಡಿಸುತ್ತೇನೆ, ಆಯುಧ ಬೇಡ, ಅದು ಮೊದಲೇ ತೀರ್ಮಾನ. ನಿಜವಾಗಿ ಇಕ್ಕಟ್ಟಿನಲ್ಲಿರುವವನು ಫ್ರಿಸ್ಬಿ: ಈ ಸಲವೂ ಗೆಳೆಯನಿಗೆ ಕೈಕೊಡುವುದೋ, ಮಾಫಿಯಾಗೆ ಕೈಕೊಡುವುದೋ? ಇಡೀ ಚಿತ್ರದ ಅತಿ ಬಿಸಿಯಾದ ಪ್ರಶ್ನೆ ಅದು. ಅದಕ್ಕೆ ಸಿಕ್ಕ ಸಮಯ ಮಾತ್ರ ಕಡಿಮೆ. ಇನ್ನು ಫಂಕಿ ಬಾಯ್ ಎಂಬ ದೈತ್ಯ ಅಸ್ತ್ರ. ನೋಡಲು ಭರ್ಜರಿ. ಅದನ್ನು ಮನಸ್ಸಿನಲ್ಲೇ ಕತ್ತರಿಸಿ ಹಾಕಿ: ಜೆಪಿಗೂ ಚಾಂಪಿಯನ್ ಮೆಷಿನ್‌ಹೆಡ್‌ಗೂ ನಡುವಿನ ಲೆಕ್ಕ ಹೆಚ್ಚೇನೂ ಬದಲಾಗದು. ಹಾಗೆ ಕತ್ತರಿಸಿದರೂ ಲೆಕ್ಕ ಬದಲಾಗದ ಅಡಚಣೆ ಎಷ್ಟೇ ದೊಡ್ಡದಿದ್ದರೂ ಅಲಂಕಾರವೇ.

ಸೊನೊಶಿ ವಿಷಯದಲ್ಲಿ ದೂರು ಇನ್ನೂ ಗಂಭೀರ. ಅರ್ಹತಾ ಪಂದ್ಯ ಗೆದ್ದವಳು ಅವಳು. ಮುಖ್ಯ ರೇಸಿನಲ್ಲಿ ಅವಳ ಗಾಡಿ ಹಾಳಾಗಿ ಜೆಪಿಯ ಪಕ್ಕ ಬಂದು ಕೂರುತ್ತಾಳೆ. ಅಲ್ಲಿಂದ ಅವಳ ಗುರಿ ಅವನ ಗುರಿಯಲ್ಲಿ ಕರಗಿಹೋಗುತ್ತದೆ.

ಪ್ರಶ್ನೆ: ಗೆರೆ ದಾಟಿದ ತಕ್ಷಣ ಚಿತ್ರ ಮುಗಿಸಿಬಿಡುತ್ತಾರೆ. ಆಮೇಲೆ ಸೇನೆ ಏನಾಯ್ತು, ಮಾಫಿಯಾ ಏನಾಯ್ತು?
— ಒಬ್ಬ ಓದುಗ, ಯಲಹಂಕ

ಉತ್ತರ: ಮುಗಿಸಿದ್ದು ಸರಿಯಾದ ಜಾಗದಲ್ಲೇ. ಕಾರು ಚೂರಾಗಿ ಇಬ್ಬರೂ ಗಾಳಿಯಲ್ಲಿ ಹಾರುತ್ತಾ ಕೂದಲೆಳೆ ಅಂತರದಲ್ಲಿ ಗೆಲ್ಲುವ ಆ ಕ್ಷಣಕ್ಕಿಂತ ಮೇಲೆ ಏರಲು ಏನೂ ಉಳಿದಿಲ್ಲ. ನಿಮಗೆ ಸೇನೆಯ ನೆನಪಾದದ್ದು ಕೊನೆ ಚಿಕ್ಕದಾದ್ದರಿಂದಲ್ಲ, ನಡುವೆ ಅದರ ಬಗ್ಗೆ ಅಷ್ಟು ಹೊತ್ತು ಮಾತಾಡಿದ್ದರಿಂದ.

ಪ್ರಶ್ನೆ: 2150ನೇ ಇಸವಿಯ ಬೆಂಗಳೂರು, ಔಟರ್ ರಿಂಗ್ ರೋಡ್ ಪೂರ್ತಿ ಒಂದು ಸುತ್ತು, ಗಂಟೆಗೆ 600 ಕಿ.ಮೀ. ಇದು ನಮ್ಮ 12 ನಿಮಿಷದ ಕಿರುಚಿತ್ರ. ಸ್ಟೋರಿಬೋರ್ಡ್ ತೋರಿಸಿದರೆ ‘ಯಾರು ಮುಂದೆ, ಯಾರು ಹಿಂದೆ ಗೊತ್ತಾಗ್ತಿಲ್ಲ’ ಅಂತಾರೆ. ಏನು ಮಾಡೋಣ?
— ಅನಿಮೇಷನ್ ವಿದ್ಯಾರ್ಥಿಗಳು, ರಾಜಾಜಿನಗರ

ಉತ್ತರ: ಮೊದಲು ಗಡಿಯಾರದ ಲೆಕ್ಕ. ರಿಂಗ್ ರೋಡ್ ಸುಮಾರು 60 ಕಿ.ಮೀ. 600ರ ವೇಗ ಎಂದರೆ ನಿಮಿಷಕ್ಕೆ 10 ಕಿ.ಮೀ., ಸುತ್ತು ಮುಗಿಯಲು 6 ನಿಮಿಷ. ಅಂದರೆ ನಿಮ್ಮ ಅರ್ಧ ಚಿತ್ರದಲ್ಲಿ ರೇಸನ್ನು ನಿಜವಾದ ಸಮಯದಲ್ಲೇ ತೋರಿಸಬಹುದು. ಇಂಥ ಅನುಕೂಲ ಎಲ್ಲರಿಗೂ ಸಿಗುವುದಿಲ್ಲ, ಬಿಡಬೇಡಿ. ಕೆ.ಆರ್. ಪುರದಿಂದ ಸಿಲ್ಕ್ ಬೋರ್ಡ್ ಸುಮಾರು 17 ಕಿ.ಮೀ., ಅಂದರೆ 102 ಸೆಕೆಂಡ್. ಇವತ್ತು ಆ ದಾರಿಯಲ್ಲಿ ಸಂಜೆ ಆರಕ್ಕೆ ಸಿಕ್ಕಿಹಾಕಿಕೊಂಡವರಿಗೆ ಈ ಅಂಕಿಯೇ ದೊಡ್ಡ ಜೋಕು. ತೆರೆಯ ಮೇಲೆ ಒಂದು ಸಲ ಹಾಕಿ.

ಗೊಂದಲಕ್ಕೆ ಕಾರಣ ಬಹುಶಃ ನಕಾಶೆ. ಹೆಬ್ಬಾಳದಿಂದ ಹೊರಟು ನಾಗವಾರ, ಕೆ.ಆರ್. ಪುರ, ಮಾರತಹಳ್ಳಿ, ಸಿಲ್ಕ್ ಬೋರ್ಡ್ ದಾಟಿದ ಮೇಲೆ ರಸ್ತೆ ಪಶ್ಚಿಮಕ್ಕೆ ತಿರುಗುತ್ತದೆ. ನೀವು ನಕಾಶೆಗೆ ನಿಷ್ಠರಾಗಿ ಬಿಟಿಎಂ ಲೇಔಟ್ ಕಡೆಯ ಶಾಟ್‌ಗಳಲ್ಲಿ ಕಾರುಗಳನ್ನು ಬಲದಿಂದ ಎಡಕ್ಕೆ ಓಡಿಸಿದರೆ, ನೋಡುವವರಿಗೆ ಎಲ್ಲರೂ ವಾಪಸ್ ಬರುತ್ತಿದ್ದಾರೆ ಅನ್ನಿಸುತ್ತದೆ. ತೆರೆಯಲ್ಲಿ ದಿಕ್ಕು ಒಂದೇ ಇರಲಿ: ಪೂರ್ತಿ ರೇಸ್ ಎಡದಿಂದ ಬಲಕ್ಕೆ. ದಿಕ್ಕು ಬದಲಿಸಲೇಬೇಕಾದರೆ ನಡುವೆ ಕಾರು ನೇರ ಕ್ಯಾಮೆರಾ ಕಡೆಗೆ ನುಗ್ಗಿ ಬರುವ ಒಂದು ಶಾಟ್ ಇಡಿ, ಒಂದೂವರೆ ಸೆಕೆಂಡಿಗೆ ಕಡಿಮೆ ಬೇಡ. ಸಿಲ್ಕ್ ಬೋರ್ಡಿನ ಫ್ಲೈಓವರ್ ಅದಕ್ಕೆ ಹೇಳಿ ಮಾಡಿಸಿದ ಜಾಗ.

ಗುರುತಿಗೆ ಮೂರು ಜಾಗ ಸಾಕು: ಹೆಬ್ಬಾಳ ಕೆರೆ, ಕೆ.ಆರ್. ಪುರದ ತೂಗುಸೇತುವೆ, ಸಿಲ್ಕ್ ಬೋರ್ಡ್. ರೇಸ್ ಶುರುವಾಗುವ ಮುಂಚೆಯೇ ಮೂರನ್ನೂ ಒಮ್ಮೆ ಖಾಲಿಯಾಗಿ ತೋರಿಸಿ. ಖಾಲಿ ರಸ್ತೆ ಕಂಡವನಿಗೆ ತುಂಬಿದ ರಸ್ತೆ ತಿಳಿಯುತ್ತದೆ.

ಆಮೇಲೆ ಒಂದು ದೊಡ್ಡ ಹಾಳೆಯಲ್ಲಿ ನಾಲ್ಕು ಅಂಕಣ ಎಳೆಯಿರಿ: ಸಮಯ, ಜಾಗ, ಕಾರುಗಳ ಕ್ರಮ, ಯಾರು ಏನು ಕಳೆದುಕೊಂಡರು. ನಾಲ್ಕನೆಯದೇ ನಿಮ್ಮ ಚಿತ್ರಕಥೆ. ಆರು ನಿಮಿಷದಲ್ಲಿ ಕ್ರಮ ನಾಲ್ಕೈದು ಸಲಕ್ಕಿಂತ ಹೆಚ್ಚು ಬದಲಾಗಬಾರದು. ಪ್ರತಿ ಬದಲಾವಣೆಗೆ ಕಾರಣವಾದ ವಸ್ತು (ಸಡಿಲ ಬೋಲ್ಟ್, ಉಳಿಸಿಟ್ಟ ಇಂಧನ, ಯಾರಿಗೂ ಗೊತ್ತಿಲ್ಲದ ಸರ್ವಿಸ್ ರಸ್ತೆ) ಮುಂಚೆಯೇ ಒಂದು ಸಲ ಕಂಡಿರಬೇಕು. ನಾಲ್ಕನೇ ಅಂಕಣ ಖಾಲಿ ಉಳಿದ ಕಡೆ ನಿಮ್ಮ ರೇಸ್ ಬರೀ ಟ್ರಾಫಿಕ್.

ಚಿತ್ರ ಬಿಡಿಸುವ ಮುಂಚೆ ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಬಣ್ಣಬಣ್ಣದ ಡಬ್ಬಿಗಳನ್ನೇ ಕಾರು ಮಾಡಿ ಅನಿಮ್ಯಾಟಿಕ್ (ಶಾಟ್‌ಗಳ ಉದ್ದ, ಕ್ರಮ ನೋಡಿಕೊಳ್ಳುವ ಕಚ್ಚಾ ವಿಡಿಯೊ) ಕಟ್ಟಿ. ಚಿತ್ರದ ಬಗ್ಗೆ ಏನೂ ಗೊತ್ತಿಲ್ಲದವರಿಗೆ ಸದ್ದಿಲ್ಲದೆ ತೋರಿಸಿ, ನಿಮಿಷಕ್ಕೊಮ್ಮೆ ನಿಲ್ಲಿಸಿ ‘ಈಗ ಮೊದಲು ಯಾರು?’ ಎಂದು ಕೇಳಿ. ಇಬ್ಬರು ತಪ್ಪಿದ ಜಾಗದಲ್ಲಿ ಕಾರುಗಳೆಲ್ಲ ಒಟ್ಟಿಗೆ ಕಾಣುವ ಒಂದು ದೂರದ ಶಾಟ್ ಸೇರಿಸಿ. ಹತ್ತಿರದ ಶಾಟ್‌ಗಳನ್ನೇ ಪೇರಿಸಿದ ರೇಸಿನಲ್ಲಿ ಈ ತೊಂದರೆ ಇದ್ದೇ ಇರುತ್ತದೆ.

ಪ್ರಶ್ನೆ: ವೇಗ ಸಾಲದು ಎಂದು 600ರಿಂದ 1000 ಕಿ.ಮೀ.ಗೆ ಏರಿಸಿದೆವು. ಈಗ ರಸ್ತೆ ಬದಿಯ ದೀಪದ ಕಂಬಗಳು ಕಾರಿನ ಜೊತೆಗೇ ಮುಂದೆ ತೆವಳುತ್ತವೆ, ಕಾರು ರಿವರ್ಸ್ ಹೋದಂತೆ ಕಾಣುತ್ತದೆ! ಕಂಬಗಳ ಅಂತರ 30 ಮೀಟರ್, ಎಲ್ಲವೂ ಟೂಸ್‌ನಲ್ಲಿದೆ.
— ಅದೇ ತಂಡದ ಇನ್ನೊಂದು ಪತ್ರ

ಉತ್ತರ: ಕಣ್ಣಿನ ಮೋಸ. ಸೆಕೆಂಡಿಗೆ 24 ಫ್ರೇಮ್. ಟೂಸ್ ಎಂದರೆ ಒಂದು ಚಿತ್ರ ಎರಡು ಫ್ರೇಮ್ ನಿಲ್ಲುತ್ತದೆ, ಸೆಕೆಂಡಿಗೆ 12 ಚಿತ್ರ. 1000 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 278 ಮೀಟರ್ ಹೋಗುತ್ತದೆ, ಒಂದು ಚಿತ್ರದಿಂದ ಇನ್ನೊಂದಕ್ಕೆ 23 ಮೀಟರ್. ಅಂದರೆ ಪ್ರತಿ ಕಂಬವೂ 23 ಮೀಟರ್ ಹಿಂದೆ ಸರಿಯಬೇಕು. ಆದರೆ ಅಷ್ಟರಲ್ಲಿ ಮುಂದಿನ ಕಂಬ ಬಂದು, ಹಳೆಯ ಕಂಬ ಇದ್ದ ಜಾಗಕ್ಕಿಂತ 7 ಮೀಟರ್ ಮುಂದೆ ನಿಂತಿರುತ್ತದೆ. ಕಣ್ಣು ಹತ್ತಿರದ್ದನ್ನೇ ಜೋಡಿಸಿಕೊಂಡು ‘ಅದೇ ಕಂಬ, ಮುಂದೆ ಬಂತು’ ಎನ್ನುತ್ತದೆ. ಒಂದು ಚಿತ್ರಕ್ಕೆ ಆಗುವ ಚಲನೆ ಕಂಬಗಳ ಅಂತರದ ಅರ್ಧ, ಅಂದರೆ 15 ಮೀಟರ್ ದಾಟಿತೋ, ಕೆಟ್ಟಿತು. 600ರಲ್ಲಿ ಅದು ಸುಮಾರು 14 ಮೀಟರ್ ಇತ್ತು. ಆಗಲೂ ಕಂಬಗಳು ಮಿಣಮಿಣ ಎಂದಿರಬೇಕು.

ಸರಿಪಡಿಸುವ ದಾರಿ: ಹಿನ್ನೆಲೆಯನ್ನು ಮಾತ್ರ ಒನ್ಸ್‌ಗೆ (ಫ್ರೇಮಿಗೊಂದು ಚಿತ್ರ) ತನ್ನಿ, ಚಲನೆ 11.6 ಮೀಟರ್‌ಗೆ ಇಳಿಯುತ್ತದೆ. ಕಾರು ಟೂಸ್‌ನಲ್ಲೇ ಇರಲಿ, ಚೌಕಟ್ಟಿನ ಒಂದೇ ಜಾಗದಲ್ಲಿ ಇರುವುದರಿಂದ ತೊಂದರೆಯಿಲ್ಲ. ಅಥವಾ ಅಂತರವನ್ನು 60 ಮೀಟರ್ ಮಾಡಿ. ಇಲ್ಲವೇ ಕಂಬ ಬಿಟ್ಟು ಬೆಳಕಿನ ಗೀಟು ಎಳೆಯಿರಿ.

ಅಸಲಿಗೆ 1000 ಬೇಕೇ ಬೇಡವೇ ಎನ್ನುವುದು ಬೇರೆ ಮಾತು. ವೇಗ ಅಂಕಿಯಲ್ಲಿ ಹುಟ್ಟುವುದಿಲ್ಲ, ಪಕ್ಕದ ಶಾಟ್ ಜೊತೆಗಿನ ವ್ಯತ್ಯಾಸದಲ್ಲಿ ಹುಟ್ಟುತ್ತದೆ. ಕಾರು ಹೊರಡುವ ಮುಂಚೆ ಎಂಟು ಸೆಕೆಂಡ್ ಬಹುತೇಕ ನಿಶ್ಚಲ ಚಿತ್ರ ಇಡಿ. ‘ರೆಡ್‌ಲೈನ್’ನಲ್ಲಿ ಜೆಪಿ ವೇಗ ಏರಿಸುವ ನೈಟ್ರೋ ಒತ್ತಿದಾಗ ಕಾರೂ ಮೈಯೂ ಎಳೆದಂತೆ ಉದ್ದವಾಗುತ್ತವೆ. ರಸ್ತೆಗಿಂತ ಮೊದಲು ವೇಗ ಕಾಣುವುದು ಅವನ ಮುಖದಲ್ಲಿ.

ಪ್ರಶ್ನೆ: ನಮ್ಮ ಚಿತ್ರದಲ್ಲಿ ಒಂಬತ್ತು ಸ್ಪರ್ಧಿಗಳು, ಪ್ರತಿಯೊಬ್ಬರಿಗೂ ಫ್ಲ್ಯಾಶ್‌ಬ್ಯಾಕ್. ಹತ್ತು ನಿಮಿಷಕ್ಕೆ ಜಾಸ್ತಿಯಾಯಿತೇ? ಎಲ್ಲ ಕೈಯಲ್ಲೇ ಬಿಡಿಸುವ ಆಸೆ.
— ಚಿತ್ರಕಲಾ ವಿದ್ಯಾರ್ಥಿನಿ, ಬಸವನಗುಡಿ

ಉತ್ತರ: ಜಾಸ್ತಿಯಾಯಿತು. ಒಂಬತ್ತು ಕಾರು ಇರಲಿ, ಕಥೆ ಮೂವರಿಗೆ ಸಾಕು. ಉಳಿದ ಆರಕ್ಕೆ ಆಕಾರ ಕೊಡಿ, ಹಿನ್ನೆಲೆ ಬೇಡ. ಒಂಬತ್ತು ಕಾರಿಗೂ ಕಪ್ಪು ತುಂಬಿ, ಎರಡು ಸೆಂ.ಮೀ. ಅಗಲಕ್ಕೆ ಇಳಿಸಿ ಪ್ರಿಂಟ್ ತೆಗೆಯಿರಿ. ಯಾವುದು ಯಾರದೆಂದು ಅಮ್ಮನಿಗೂ ಗೊತ್ತಾಗಬೇಕು. ‘ರೆಡ್‌ಲೈನ್’ ಈ ಕೆಲಸದಲ್ಲಿ ನಿಸ್ಸೀಮ. ಹೆಸರು ಮರೆತರೂ ಗಾಡಿ ಮರೆಯುವುದಿಲ್ಲ. ರೇಸಿನ ನಡುವೆ ಫ್ಲ್ಯಾಶ್‌ಬ್ಯಾಕ್ ಬೇಡವೇ ಬೇಡ, ಪ್ರತಿ ಸಲವೂ ಕಾರುಗಳನ್ನು ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದ ಹಾಗಾಗುತ್ತದೆ.

ಕೈಚಿತ್ರದ ಲೆಕ್ಕವನ್ನೂ ಹೇಳಿಬಿಡೋಣ. ಹತ್ತು ನಿಮಿಷ ಎಂದರೆ 14,400 ಫ್ರೇಮ್, ಟೂಸ್‌ನಲ್ಲಿ 7,200 ಚಿತ್ರ. ಒಬ್ಬರೇ ದಿನಕ್ಕೆ 20 ಬಿಡಿಸಿದರೂ 360 ದಿನ. ಅದೂ ಒಂದೇ ಪದರವಾದರೆ. ಕಾರು, ಚಾಲಕ, ಹೊಗೆ ಬೇರೆ ಬೇರೆಯಾದರೆ ಗುಣಿಸಿಕೊಳ್ಳಿ. ಮ್ಯಾಡ್‌ಹೌಸ್‌ನಂಥ ಸ್ಟುಡಿಯೋ ಸುಮಾರು ಒಂದು ಲಕ್ಷ ಚಿತ್ರ ಬಿಡಿಸಿ ‘ರೆಡ್‌ಲೈನ್’ ಮುಗಿಸಲು ಏಳು ವರ್ಷ ಹಿಡಿಯಿತು. ಆರು ಫ್ಲ್ಯಾಶ್‌ಬ್ಯಾಕ್ ಕೈಬಿಟ್ಟರೆ ನಿಮಗೆ ಉಳಿಯುವ ತಿಂಗಳುಗಳನ್ನು ಕೊನೆಯ ತಿರುವಿಗೆ ಸುರಿಯಿರಿ.

ಪ್ರಶ್ನೆ: ರೇಸಿಗೆ ಕನ್ನಡ ಕಾಮೆಂಟರಿ ಬರೆದರೆ ವಾರ್ತೆ ಓದಿದಂತಿದೆ. ಚುರುಕು ಹೇಗೆ ತರುವುದು?
— ಸಂಭಾಷಣೆ ಬರೆಯುವವರು, ವಿಜಯನಗರ

ಉತ್ತರ: ಕಣ್ಣಿಗೆ ಕಾಣುವುದನ್ನು ಹೇಳಿಸಬೇಡಿ. ‘ಕೆಂಪು ಕಾರು ಮುಂದೆ ಹೋಗುತ್ತಿದೆ’ ಎಂಬುದು ದಂಡ. ಕಾಣದ್ದು ಮೂರೇ: ಎಷ್ಟು ದೂರ ಉಳಿದಿದೆ, ಅಂತರ ಎಷ್ಟು, ಯಾವ ನಿಯಮ ಮುರಿಯಿತು.

ನಮ್ಮ ವಾಕ್ಯದಲ್ಲಿ ಸುದ್ದಿ ಕೊನೆಗೆ ಬರುತ್ತದೆ. ಅದನ್ನೇ ಬಳಸಿಕೊಳ್ಳಿ. ‘ಹೆಬ್ಬಾಳದ ಇಳಿಜಾರಲ್ಲಿ ಒಳಗಡೆಯಿಂದ ನುಗ್ಗಿ, ಗೋಡೆ ಸವರಿಕೊಂಡು, ಮೂರನೇ ಗಾಡೀನ… ಹಾಕ್ದ ಹಿಂದಕ್ಕೆ!’ ಆ ‘ಹಾಕ್ದ’ ಬೀಳುವ ಫ್ರೇಮಿನಲ್ಲೇ ಕಾರು ಕಾರನ್ನು ದಾಟಬೇಕು. ಎರಡು ಫ್ರೇಮ್ ಮುಂಚೆ ದಾಟಿದರೆ ನಡೆಯುತ್ತದೆ, ತಡವಾದರೆ ಕಾಮೆಂಟರಿಯವನು ಜ್ಯೋತಿಷಿಯಂತೆ ಕೇಳುತ್ತಾನೆ. ಪೂರ್ಣ ವಾಕ್ಯದ ಹಂಗು ಬೇಡ: ‘ನಾಲ್ಕು ಗಾಡಿ ಬಂತು, ಐದನೇದು ಎಲ್ಲಿ?’ ಅರಮನೆ ಮೈದಾನದಲ್ಲಿ 2023ರಲ್ಲಿ ನಡೆದ ಕಂಬಳದ ವಿಡಿಯೊ ಸಿಕ್ಕರೆ, ಮೈಕ್ ಹಿಡಿದವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂಬುದನ್ನಷ್ಟೇ ಗಮನಿಸಿ ಕೇಳಿ.

ಮೂರು ಸೆಕೆಂಡಿನ ಶಾಟ್‌ಗೆ ಆರೇಳು ಪದ ಹಿಡಿಸುತ್ತದೆ. ಅದಕ್ಕಿಂತ ಹೆಚ್ಚಾದರೆ ನಾಲಿಗೆ ತೊಡರುತ್ತದೆ. ಫೋನಿನಲ್ಲೇ ಒಂದು ಕಚ್ಚಾ ಧ್ವನಿ ರೆಕಾರ್ಡ್ ಮಾಡಿ ಅನಿಮ್ಯಾಟಿಕ್‌ಗೆ ಕೂರಿಸಿ, ಅದಕ್ಕೆ ಹೊಂದುವಂತೆ ಶಾಟ್‌ಗಳ ಉದ್ದ ಕತ್ತರಿಸಿಕೊಳ್ಳಿ. ಸ್ಟುಡಿಯೋದ ಗಂಟೆ ಬಾಡಿಗೆ ಕಟ್ಟುವುದು ಅದಾದ ಮೇಲೆ.