ಶಕುನಿ ಪಾತ್ರದ ಮೇಷ್ಟ್ರಿಗೆ

ಮೈಸೂರಿನ ಹವ್ಯಾಸಿ ತಂಡವೊಂದು ಈ ಸಾಲಿಗೆ ನಾಲ್ಕು ಹೊಸ ನಾಟಕಗಳನ್ನು ಕೈಗೆತ್ತಿಕೊಂಡ ಸುದ್ದಿಯನ್ನು ಕಳೆದ ಸಂಚಿಕೆಯಲ್ಲಿ ಎರಡು ಪುಟ ಪ್ರಕಟಿಸಿದ್ದೆವು. ಅದನ್ನು ಓದಿ ಪಾಂಡವಪುರ ಸೀಮೆಯ ನಿವೃತ್ತ ಶಿಕ್ಷಕರೊಬ್ಬರು ಖಾರವಾದ ಪತ್ರ ಬರೆದಿದ್ದಾರೆ. ಅದರ ತಿರುಳು ಇಷ್ಟು: “ಹಾರ್ಮೋನಿಯಂ ಇಲ್ಲ, ಕಂದಪದ್ಯ ಇಲ್ಲ, ಸೀನರಿ ಇಲ್ಲ, ಕಥೆಯೂ ಇಲ್ಲ. ಇದನ್ನು ದಿಟ್ಟ ಪ್ರಯೋಗ ಎಂದು ಹೊಗಳುತ್ತೀರಿ. ನಮ್ಮೂರ ಕುರುಕ್ಷೇತ್ರಕ್ಕೆ ಬೆಳಗಿನ ಜಾವದವರೆಗೂ ಜನ ಕೂತಿರುತ್ತಾರೆ, ಅದಕ್ಕೆ ನಿಮ್ಮಲ್ಲಿ ಎರಡು ಸಾಲೂ ಇಲ್ಲ. ಸಾಲದ್ದಕ್ಕೆ ಮಂಡ್ಯ ಜಿಲ್ಲೆಯ ಮಾನವನ್ನು ಮೈಸೂರಿನ ರಂಗದ ಮೇಲೆ ಹರಾಜಿಗಿಟ್ಟಿದ್ದಾರೆ. ನೂರು ರೂಪಾಯಿ ಟಿಕೆಟ್ ಬೇರೆ.” ಊರಿನ ನಾಟಕದಲ್ಲಿ ತಾವು ಶಕುನಿ ಎಂಬುದನ್ನೂ ಸೇರಿಸಿದ್ದಾರೆ.

ಮೇಷ್ಟ್ರೇ,

ಶಕುನಿಯ ಪಾತ್ರಧಾರಿಯೊಡನೆ ವಾದಕ್ಕೆ ಕೂರುವವನು ದಾಳದ ಮೇಲೊಂದು ಕಣ್ಣಿಟ್ಟಿರಬೇಕು. ಆದರೂ ಕೂರುತ್ತೇನೆ.

ಕುರುಕ್ಷೇತ್ರದ ಬಗ್ಗೆ ನೀವು ಹೇಳಿದ್ದರಲ್ಲಿ ನನಗೆ ತಕರಾರಿಲ್ಲ. ತಿಂಗಳುಗಟ್ಟಲೆ ರಾತ್ರಿ ತಾಲೀಮು ನಡೆಸಿ, ಪಾತ್ರಕ್ಕೆ ಇಷ್ಟೆಂದು ಕೈಯಿಂದಲೇ ದುಡ್ಡು ಕಟ್ಟಿ, ಸೀನರಿಯವರಿಗೂ ಹಾರ್ಮೋನಿಯಂ ಮೇಷ್ಟ್ರಿಗೂ ಅದರಲ್ಲೇ ಕೊಟ್ಟು, ಊರಿಗೆಲ್ಲ ಬಿಟ್ಟಿ ತೋರಿಸುವ ನಾಟಕ ಅದು. ಕೃಷ್ಣನಿಗೂ ದುರ್ಯೋಧನನಿಗೂ ರೇಟು ಹೆಚ್ಚು. ಶಕುನಿಗೆಷ್ಟು ಎಂಬುದನ್ನು ನೀವು ಬರೆಯಲಿಲ್ಲ. ಅನುದಾನ ಬಂದರೆ ಮಾತ್ರ ಬಣ್ಣ ಹಚ್ಚುವ ಪೇಟೆಯ ತಂಡಗಳು ನಿಮ್ಮಿಂದ ಕಲಿಯಬೇಕಾದದ್ದು ಬಹಳವಿದೆ.

ಆದರೆ ಹಾರ್ಮೋನಿಯಂ, ಸೀನರಿ ಇಲ್ಲದಿದ್ದರೆ ಅದು ನಾಟಕವೇ ಅಲ್ಲ ಎಂದಿರಲ್ಲ, ಅಲ್ಲಿ ನಿಮ್ಮ ದಾಳ ತಪ್ಪಿ ಬಿತ್ತು. ಹಾರ್ಮೋನಿಯಂ ಯುರೋಪಿನಿಂದ ಹಡಗು ಹತ್ತಿ ಬಂದ ಪೆಟ್ಟಿಗೆ. ಬಣ್ಣದ ಪರದೆಗಳನ್ನೂ ರಂಗಗೀತೆಯ ಎಷ್ಟೋ ಮಟ್ಟುಗಳನ್ನೂ ನಮ್ಮ ಕಂಪನಿಗಳು ಪಾರ್ಸಿ ಮತ್ತು ಮರಾಠಿ ತಂಡಗಳಿಂದ ಕಲಿತವು. ಮೈಸೂರಿನ ಅರಮನೆಯ ಆಶ್ರಯದಲ್ಲಿ ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದದ್ದಷ್ಟೇ ಅಲ್ಲ, ಷೇಕ್ಸ್‌ಪಿಯರನ ಒಥೆಲೋವನ್ನು ‘ಶೂರಸೇನ ಚರಿತ್ರೆ’ಯನ್ನಾಗಿಯೂ ಮಾಡಿದರು. ಅವರು ತೀರಿಕೊಂಡದ್ದು 1891ರಲ್ಲಿ. ಅಂದರೆ ನೂರಮೂವತ್ತು ವರ್ಷಗಳ ಹಿಂದೆಯೇ ಈ ಊರು ಹೊಸದನ್ನು ಅರಗಿಸಿಕೊಂಡಿತ್ತು. ನಿಮ್ಮ ತಾತನ ಕಾಲಕ್ಕೆ ಹೊಸದಾಗಿದ್ದದ್ದು ನಿಮ್ಮ ಕಾಲಕ್ಕೆ ಸಂಪ್ರದಾಯವಾಯಿತು.

ಹೊಸ ನಾಟಕಕ್ಕೆ ಜನ ಕೂರುವುದಿಲ್ಲ ಎಂಬುದನ್ನೂ ಒಪ್ಪಲಾರೆ. 1989ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ಶುರುವಾದ ಮೈಸೂರಿನ ರಂಗಾಯಣ ನಾಟಕಸಂಸ್ಥೆ 2010ರಲ್ಲಿ ‘ಮಲೆಗಳಲ್ಲಿ ಮದುಮಗಳು’ ಮಾಡಿತು. ಕುವೆಂಪು ಅವರ ಆ ದೊಡ್ಡ ಕಾದಂಬರಿಯನ್ನು ಕೆ.ವೈ. ನಾರಾಯಣಸ್ವಾಮಿ ರಂಗಕ್ಕೆ ಅಳವಡಿಸಿದರು, ಸಿ. ಬಸವಲಿಂಗಯ್ಯ ಬಯಲಲ್ಲಿ ನಾಲ್ಕು ರಂಗಸ್ಥಳ ಕಟ್ಟಿ ಆಡಿಸಿದರು. ರಾತ್ರಿ ಶುರುವಾದ ನಾಟಕ ಮುಗಿಯುವ ಹೊತ್ತಿಗೆ ಬೆಳಕು ಹರಿಯುತ್ತಿತ್ತು. ಒಂದು ರಂಗ ಮುಗಿದರೆ ಪ್ರೇಕ್ಷಕರೇ ಎದ್ದು ಇನ್ನೊಂದರ ಮುಂದೆ ಹೋಗಿ ಕೂರಬೇಕು. ನಿಮ್ಮೂರವರಿಗೆ ಇರುವ ತಾಳ್ಮೆ ಪೇಟೆಯವರಿಗೂ ಇದೆ ಎಂದಾಯಿತು. ಅಲ್ಲಿ ಸೀನರಿ ಇರಲಿಲ್ಲ, ಮರಗಳಿದ್ದವು.

ಇನ್ನು ನಿಮ್ಮ ನಿಜವಾದ ಸಿಟ್ಟಿಗೆ ಬರುತ್ತೇನೆ. ನಾಲ್ಕರಲ್ಲಿ ಮೂರು ನಾಟಕಗಳ ಬಗ್ಗೆ ನಿಮ್ಮದು ಬರೀ ಗೊಣಗಾಟ. ಮಾತಿಲ್ಲದ ಒಂದು, ಒಬ್ಬಳೇ ನಟಿಯ ಒಂದು, ಗಾರ್ಮೆಂಟ್ಸ್ ಬಸ್ಸಿನೊಳಗೆ ನಡೆಯುವ ಇನ್ನೊಂದು. ತಾಲೀಮು ನೋಡಿ ಬಂದವನಾಗಿ ಹೇಳುತ್ತೇನೆ, ಮಾತಿಲ್ಲದ್ದು ನನಗೂ ರುಚಿಸಲಿಲ್ಲ, ಬಸ್ಸಿನದು ಚೆನ್ನಾಗಿದೆ. ನಿಮ್ಮನ್ನು ಚುಚ್ಚಿದ್ದು ನಾಲ್ಕನೆಯದು, ಆಲೆಮನೆಯ ನಾಟಕ.

2023ರ ನವೆಂಬರಿನಲ್ಲಿ ಬೆಂಗಳೂರಿನ ಪೊಲೀಸರು ಹಿಡಿದ ಜಾಲ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಗಂಡೋ ಹೆಣ್ಣೋ ಹೇಳುತ್ತಿತ್ತು. ಅದನ್ನು ಹೇಳುವುದೂ ಕೇಳುವುದೂ ಅಪರಾಧವೆಂದು ಕಾಯ್ದೆ ಬಂದದ್ದು 1994ರಲ್ಲಿ. 2024ರಲ್ಲಿ ನಿಮ್ಮ ಪಾಂಡವಪುರದಲ್ಲೇ ಇನ್ನೊಂದು ಪ್ರಕರಣ ಹೊರಬಿತ್ತು. ಜಿಲ್ಲೆಯ ಮಾನ ಹೋದದ್ದು ಆಗ, ಮೇಷ್ಟ್ರೇ. ನಾಟಕದವರು ತಡವಾಗಿ ಬಂದವರು. ತುಂಬಿದ ಸಭೆಯಲ್ಲಿ ದ್ರೌಪದಿಯ ಸೆರಗಿಗೆ ಕೈ ಹಾಕುವುದನ್ನು ಕುರುವಂಶದ ಮಾನ ಕಾಪಾಡಲೆಂದು ವ್ಯಾಸರು ಬಿಟ್ಟುಬಿಟ್ಟಿದ್ದರೆ ನಿಮಗೆ ಪಾತ್ರವೂ ಇರುತ್ತಿರಲಿಲ್ಲ.

ಆದರೂ ಆ ತಂಡದ ಮೇಲೆ ನನಗೊಂದು ಆಕ್ಷೇಪವಿದೆ, ಅದು ನಿಮ್ಮದಕ್ಕಿಂತ ದೊಡ್ಡದು. ಆಲೆಮನೆಯ ನಾಟಕಕ್ಕೆ ಅವರು ಇಟ್ಟುಕೊಂಡಿರುವುದು ಮೂರು ಪ್ರದರ್ಶನ, ಮೂರೂ ಮೈಸೂರಿನಲ್ಲಿ. ಬರುವವರು ಯಾರೆಂದು ಗೊತ್ತೇ ಇದೆ: ನಾನು, ನನ್ನಂಥ ಇನ್ನೊಂದಿಷ್ಟು ಜನ, ಬೇರೆ ತಂಡಗಳ ನಟರು, ಕಾಲೇಜಿನ ಮಕ್ಕಳು. ಹೆಣ್ಣು ಭ್ರೂಣ ತೆಗೆಸುವುದು ತಪ್ಪೆಂದು ಮೊದಲೇ ಒಪ್ಪಿದವರ ಎದುರಿಗೆ ಅದು ತಪ್ಪೆಂದು ಆಡಿ, ಚಪ್ಪಾಳೆ ತಟ್ಟಿಸಿಕೊಂಡು, ಲೈಟು ಬಿಚ್ಚುವುದರಲ್ಲಿ ಯಾವ ದಿಟ್ಟತನವಿದೆ? ಎಪ್ಪತ್ತರ ದಶಕದ ಕೊನೆಯಲ್ಲಿ ‘ಸಮುದಾಯ’ ತಂಡದವರು ಬಿಹಾರದ ದಲಿತರ ಹತ್ಯೆಯ ಮೇಲಿನ ‘ಬೆಲ್ಚಿ’ ನಾಟಕವನ್ನು ಬೀದಿಗೆ ಒಯ್ದಾಗ ಎದುರಿಗೆ ನಿಂತವರೆಲ್ಲ ಒಪ್ಪಿದವರಾಗಿರಲಿಲ್ಲ. ಸೊಸೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದ ಅತ್ತೆ ಮುಂದಿನ ಸಾಲಿನಲ್ಲಿ ಕೂತಿರುವ ಊರಿನಲ್ಲಿ ಈ ನಾಟಕ ಆಡಲಿ. ಕಲ್ಲು ಬಿದ್ದರೂ ಬೀಳಬಹುದು. ನಾಲ್ಕು ಹೊಸ ನಾಟಕ ಮಾಡುವ ಬದಲು ಇದೊಂದನ್ನೇ ವರ್ಷವಿಡೀ ಊರೂರಿಗೆ ಹೊತ್ತು ತಿರುಗಿದ್ದರೆ ನಾನು ಎರಡಲ್ಲ, ಆರು ಪುಟ ಕೊಡುತ್ತಿದ್ದೆ. ಇದನ್ನು ಅವರಿಗೂ ಹೇಳಿದ್ದೇನೆ.

ಟಿಕೆಟ್ ನೂರು ರೂಪಾಯಿ ಹೆಚ್ಚೇನಲ್ಲ. ಆರೂವರೆಯ ನಾಟಕ ಮುಗಿಸಿ ಹೊರಟರೆ ಪಾಂಡವಪುರದಿಂದ ಮುಂದಕ್ಕೆ ಹಳ್ಳಿಯ ಬಸ್ಸು ಸಿಗುವುದಿಲ್ಲ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ, ಅದು ನ್ಯಾಯವಾದ ದೂರು. ಭಾನುವಾರ ಮಧ್ಯಾಹ್ನ ಒಂದು ಪ್ರದರ್ಶನ ಇಡಿ ಎಂದು ಕೇಳಿದ್ದಕ್ಕೆ ನೋಡೋಣ ಎಂದಿದ್ದಾರೆ. ನೋಡೋಣ ಎಂದರೆ ಏನೆಂದು ನಿಮಗೂ ಗೊತ್ತು.

ಅದಕ್ಕಿಂತ ಒಳ್ಳೆಯ ದಾರಿ ನಿಮ್ಮ ಪತ್ರದಲ್ಲೇ ಇದೆ. ಗೌರಿ-ಗಣೇಶ ಹಬ್ಬ ಕಳೆದ ಮೇಲೆ ನಿಮ್ಮೂರಲ್ಲಿ ಕುರುಕ್ಷೇತ್ರ ಇದೆಯಂತೆ. ರಂಗಸ್ಥಳ ಕಟ್ಟಿರುತ್ತೀರಿ, ಮೈಕು, ಲೈಟು ಬಂದಿರುತ್ತವೆ. ಹಿಂದಿನ ಸಂಜೆ ಒಂದೂಕಾಲು ಗಂಟೆ ಇವರಿಗೆ ಬಿಟ್ಟುಕೊಡಲು ನಿಮ್ಮ ಮಂಡಳಿಯವರನ್ನು ಒಪ್ಪಿಸುತ್ತೀರಾ? ವ್ಯಾನಿನ ಖರ್ಚು ತಮ್ಮದೇ ಎಂದು ತಂಡದವರು ಹೇಳಿದ್ದಾರೆ, ಹನ್ನೊಂದು ಜನಕ್ಕೆ ಊಟ ಮಾತ್ರ ಕೇಳಿದ್ದಾರೆ. ಸೀನರಿ ಬೇಡವಂತೆ. ನಿಮ್ಮ ಹಾರ್ಮೋನಿಯಂ ಮೇಷ್ಟ್ರು ಒಪ್ಪಿದರೆ ಒಂದು ಸೋಬಾನೆ ಪದಕ್ಕೆ ಅವರನ್ನೂ ಕೂರಿಸಿಕೊಳ್ಳುವ ಆಸೆಯಿದೆ. ಊರಿನ ಹಿರಿಯರು ಬೇಡವೆಂದರೆ ಅದನ್ನೂ, ಯಾಕೆ ಬೇಡವೆಂದರು ಎಂಬುದನ್ನೂ ಬರೆದು ಕಳಿಸಿ, ಅಚ್ಚು ಹಾಕುತ್ತೇನೆ.

— ಸಂಪಾದಕ