ಹೊಸದಾಗಿ ಜೋಡಿಸಿದ ಕಂಪ್ಯೂಟರ್: ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುತ್ತಿಲ್ಲ. ಏನು ಮಾಡಲಿ?

ಪವರ್ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಲೈಟು ಹತ್ತುತ್ತದೆ, ಮಾನಿಟರ್ ಮಾತ್ರ ಕಪ್ಪಗೇ ಇದೆ, ಒಮ್ಮೊಮ್ಮೆ ತಾನಾಗೇ ಆಫ್ ಆಗಿ ಮತ್ತೆ ಆನ್ ಆಗುತ್ತದೆ ಅಂತ ಬರೆದಿದ್ದೀರಿ. ಮದರ್‌ಬೋರ್ಡ್ ವಾಪಸ್ ಕಳಿಸಲಾ ಅಂತಲೂ ಕೇಳಿದ್ದೀರಿ. ದಯವಿಟ್ಟು ಈಗಲೇ ಕಳಿಸಬೇಡಿ. ಇಂಥ ಎಷ್ಟೋ ಯಂತ್ರಗಳನ್ನು ನಾನು ಬಿಚ್ಚಿ ನೋಡಿದ್ದೇನೆ, ಬೋರ್ಡೇ ಕೆಟ್ಟಿದ್ದು ತುಂಬಾ ಕಡಿಮೆ.

ಮೊದಲು ಒಂದು ಮಾತು. ನಿಮ್ಮದು ಡಿಡಿಆರ್5 ಅನ್ನುವ ಹೊಸ ತಲೆಮಾರಿನ ರ‍್ಯಾಮ್ ಆಗಿದ್ದರೆ ಮೊದಲ ಸಲ ಆನ್ ಮಾಡಿದಾಗ ಬೋರ್ಡು ಆ ರ‍್ಯಾಮ್‌ಗೆ ಹೊಂದಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳಬಹುದು, ಆ ಹೊತ್ತಲ್ಲಿ ಪರದೆ ಕಪ್ಪಗೇ ಇರುತ್ತದೆ, ನಡುವೆ ಒಂದೆರಡು ಸಲ ರೀಸ್ಟಾರ್ಟ್ ಕೂಡ ಆಗಬಹುದು. ಗಾಬರಿಯಾಗಿ ಬಟನ್ ಒತ್ತಿ ಆಫ್ ಮಾಡಿದರೆ ಅದು ಮತ್ತೆ ಮೊದಲಿಂದ ಶುರು ಮಾಡುತ್ತದೆ. ಒಂದು ಹತ್ತು ಹದಿನೈದು ನಿಮಿಷ ಸುಮ್ನೆ ಬಿಟ್ಟು ನೋಡಿ.

ಆಗಲೂ ಬರದಿದ್ದರೆ ಕಂಪ್ಯೂಟರಿಗೆ ಕರೆಂಟು ಕೊಡುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್ ಆಫ್ ಮಾಡಿ, ಪ್ಲಗ್ ಕಿತ್ತು, ಸಿಪಿಯುಗೆ (ಬೋರ್ಡಿನ ಮೇಲಿನ ಪ್ರೊಸೆಸರ್ ಚಿಪ್ಪಿಗೆ) ಪವರ್ ಕೊಡುವ 8 ಪಿನ್ ಕೇಬಲ್ ನೋಡಿ. ದೊಡ್ಡ 24 ಪಿನ್ ಅಲ್ಲ, ಬೋರ್ಡಿನ ಮೇಲಿನ ಎಡ ಮೂಲೆಯಲ್ಲಿರುವುದು. ಇದನ್ನು ಹಾಕದಿದ್ದರೂ ಫ್ಯಾನ್ ತಿರುಗುತ್ತದೆ, ಅದಕ್ಕೇ ಜನ ಮೋಸ ಹೋಗುತ್ತಾರೆ. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಹಾಕಿದ್ದೀರಾ ಬೋರ್ಡಿಗೆ ಹಾಕಿದ್ದೀರಾ ಅಂತಲೂ ನೋಡಿ. ಹೆಸರಿನ ಕೊನೆಗೆ ಎಫ್ ಇರುವ ಇಂಟೆಲ್ ಸಿಪಿಯುಗಳಲ್ಲಿ ಗ್ರಾಫಿಕ್ಸ್ ಇರುವುದಿಲ್ಲ, ಬೋರ್ಡಿನ ಪೋರ್ಟಿಂದ ಏನೂ ಬರುವುದಿಲ್ಲ.

ಇನ್ನು ರ‍್ಯಾಮ್. ನನ್ನ ಅನುಭವದಲ್ಲಿ ಅರ್ಧಕ್ಕಿಂತ ಜಾಸ್ತಿ ಸಲ ತೊಂದರೆ ಇಲ್ಲೇ ಸಿಕ್ಕಿದೆ. ಎರಡು ಹಾಕಿದ್ದರೆ ಎರಡೂ ತೆಗೆದು, ಒಂದನ್ನು ಮಾತ್ರ ಸಿಪಿಯುವಿಂದ ಎರಡನೇ ಸ್ಲಾಟಿಗೆ ಹಾಕಿ (ನಾಲ್ಕು ಸ್ಲಾಟಿನ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಅದೇ ಮೊದಲನೆಯದು, ಎ2 ಅಂತ ಬರೆದಿರುತ್ತದೆ). ಹೆಬ್ಬೆರಳಿಂದ ಒಂದು ತುದಿ, ಆಮೇಲೆ ಇನ್ನೊಂದು ತುದಿ ಒತ್ತಿ. ಟಕ್ ಅಂತ ಶಬ್ದ ಬಂದು ಕೊಂಡಿ ತಾನಾಗೇ ಮುಚ್ಚಿಕೊಳ್ಳಬೇಕು. ಹೊಸ ಬೋರ್ಡಿನಲ್ಲಿ ಸ್ಲಾಟ್ ಬಿಗಿಯಾಗಿರುತ್ತದೆ, ಒತ್ತಿದಾಗ ಬೋರ್ಡೇ ಸ್ವಲ್ಪ ಬಾಗುವುದು ಕಂಡು ಭಯವಾಗಿ ಅರ್ಧಕ್ಕೇ ಬಿಡುತ್ತೇವೆ. ಬಗ್ಗಿ ಪಕ್ಕದಿಂದ ನೋಡಿ, ಚಿನ್ನದ ಬಣ್ಣದ ಪಟ್ಟಿ ಒಂದು ಕಡೆ ಜಾಸ್ತಿ ಕಾಣುತ್ತಿದ್ದರೆ ಅದು ಕೂತಿಲ್ಲ. ಈ ರ‍್ಯಾಮಲ್ಲಿ ಆಗದಿದ್ದರೆ ಇನ್ನೊಂದನ್ನು ಅದೇ ಸ್ಲಾಟಲ್ಲಿ ಹಾಕಿ ನೋಡಿ.

ಬೋರ್ಡಿನ ಅಂಚಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ (ಗ್ರಾಫಿಕ್ಸ್), ಬೂಟ್ (ಡಿಸ್ಕ್) ಅಂತ ನಾಲ್ಕು ಪುಟ್ಟ ಲೈಟುಗಳಿದ್ದರೆ ನಿಮ್ಮ ಅದೃಷ್ಟ. ಯಾವುದು ಆರದೆ ನಿಂತಿದೆಯೋ ಆ ಭಾಗದಿಂದ ಹುಡುಕಲು ಶುರು ಮಾಡಿ. ಸಿಪಿಯು ಲೈಟು ಆರದೆ ನಿಂತಿದ್ದು, ಬೋರ್ಡಿಗಿಂತ ಸಿಪಿಯು ಹೊಸದಾಗಿದ್ದರೆ, ಬಯೋಸ್ (ಬೋರ್ಡಿನಲ್ಲೇ ಇದ್ದು ಕಂಪ್ಯೂಟರನ್ನು ಶುರು ಮಾಡುವ ಸಾಫ್ಟ್‌ವೇರ್) ಅಪ್‌ಡೇಟ್ ಬೇಕಿರಬಹುದು. ಬೋರ್ಡ್ ತಯಾರಕರ ಸೈಟಲ್ಲಿ ಯಾವ ಸಿಪಿಯುಗೆ ಯಾವ ವರ್ಷನ್ ಬೇಕು ಅನ್ನುವ ಪಟ್ಟಿ ಇರುತ್ತದೆ.

ಇಷ್ಟಾದರೂ ಆಗದಿದ್ದರೆ ಬೋರ್ಡನ್ನು ಕ್ಯಾಬಿನೆಟ್ಟಿಂದ ಹೊರಗೆ ತೆಗೆಯಿರಿ. ಬೇಜಾರಿನ ಕೆಲಸ ಅಂತ ಗೊತ್ತು, ಆದರೂ ಮಾಡಿ. ಒಮ್ಮೆ ನನ್ನದೇ ಯಂತ್ರ ಆನ್ ಆದ ಒಂದೇ ಸೆಕೆಂಡಿಗೆ ಆಫ್ ಆಗುತ್ತಿತ್ತು. ಎರಡು ದಿನ ಒದ್ದಾಡಿ ಕೊನೆಗೆ ಬೋರ್ಡ್ ಎತ್ತಿ ನೋಡಿದರೆ, ಕೆಳಗೆ, ಬೋರ್ಡಿನಲ್ಲಿ ಸ್ಕ್ರೂ ರಂಧ್ರವೇ ಇಲ್ಲದ ಜಾಗದಲ್ಲಿ, ಒಂದು ಹಿತ್ತಾಳೆಯ ಸ್ಟ್ಯಾಂಡಾಫ್ (ಬೋರ್ಡನ್ನು ಕ್ಯಾಬಿನೆಟ್ಟಿಗೆ ತಾಗದಂತೆ ಎತ್ತಿ ಹಿಡಿಯುವ ಪುಟ್ಟ ಕಂಬ) ಇತ್ತು. ಬೋರ್ಡಿನ ಬೆನ್ನ ಮೇಲೆ ಅದರ ದುಂಡನೆ ಗುರುತು ಬಿದ್ದಿತ್ತು. ಶಾರ್ಟ್ ಆಗುತ್ತಿದ್ದದ್ದು ಅಲ್ಲೇ. ಅದನ್ನು ಬಿಚ್ಚಿ ತೆಗೆದ ಮೇಲೆ ಇವತ್ತಿನವರೆಗೂ ಸರಿಯಾಗಿದೆ.

ಹೊರಗೆ ತೆಗೆದ ಬೋರ್ಡನ್ನು ಅದು ಬಂದ ರಟ್ಟಿನ ಡಬ್ಬದ ಮೇಲಿಡಿ. ಸಿಪಿಯು, ಕೂಲರ್, ಒಂದು ರ‍್ಯಾಮ್, ಎರಡು ಪವರ್ ಕೇಬಲ್, ಸಿಪಿಯುವಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಕಾರ್ಡು, ಇಷ್ಟೇ ಸಾಕು. ಬೋರ್ಡಿನಲ್ಲಿ ಕ್ಯಾಬಿನೆಟ್ಟಿನ ಪವರ್ ಬಟನ್ ವೈರು ಸಿಕ್ಕಿಸುವ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದರೆ ಆನ್ ಆಗುತ್ತದೆ. ಡಿಸ್‌ಪ್ಲೇ ಬಂತಾ, ಹಾಗಾದರೆ ಒಂದೊಂದೇ ಸೇರಿಸುತ್ತಾ ಹೋಗಿ, ಪ್ರತಿ ಸಲವೂ ಪ್ಲಗ್ ಕಿತ್ತು. ಒಟ್ಟಿಗೆ ಎರಡು ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗುವುದಿಲ್ಲ ಅಲ್ವಾ?

ಒಂದು ಎಚ್ಚರಿಕೆ: ಪರೀಕ್ಷೆಗೆ ಅಂತ ಬೇರೆ ಎಸ್‌ಎಂಪಿಎಸ್ ತಂದರೆ ಅದರದೇ ಕೇಬಲ್ ಬಳಸಿ. ಹಳೆಯದರ ಕೇಬಲ್ ಹೊಸದಕ್ಕೆ ಸಿಕ್ಕಿಕೊಂಡರೂ ಒಳಗಿನ ವೈರಿನ ಕ್ರಮ ಬೇರೆ ಇರಬಹುದು, ಹಾರ್ಡ್ ಡಿಸ್ಕ್ ಸುಟ್ಟೇ ಹೋಗಬಹುದು.

ಯಾವ ಲೈಟು ಆರದೆ ನಿಂತಿದೆ, ಬೋರ್ಡು ಮತ್ತು ಸಿಪಿಯು ಮಾಡೆಲ್ ಯಾವುದು ಅಂತ ತಿಳಿಸಿ, ಮುಂದಿನದು ನೋಡೋಣ.