ನಿಮ್ಮ ಅಣಬೆ ಲೇಖನ ಓದಿದೆ, ಸ್ವಲ್ಪ ಜಗಳ ಇದೆ

ನಮಸ್ಕಾರ. ನೀವು ಕಳ್ಸಿದ ‘ಕಾಡಿನ ಹಸಿರು ದೀಪ’ ಎರಡು ಸಲ ಓದಿದೆ. ಭಾಷೆ ಸರಾಗವಾಗಿದೆ, ಕಾಗುಣಿತ ತಪ್ಪು ಅಷ್ಟಾಗಿ ಇಲ್ಲ, ಮೇಘಾಲಯದ ರೋರಿಡೊಮೈಸಿಸ್ ಫಿಲ್ಲೊಸ್ಟಾಕಿಡಿಸ್ ಅನ್ನೋ, ಕತ್ತಲಲ್ಲಿ ಬೆಳಗೋ ಅಣಬೆ ಬಗ್ಗೆ ಕನ್ನಡದಲ್ಲಿ ಬರೀಬೇಕು ಅಂತ ಯಾರಿಗಾದ್ರೂ ಅನ್ನಿಸ್ತಲ್ಲ ಅಂತ ಖುಷಿನೂ ಆಯ್ತು. ಹೊಗಳಿಕೆ ಮುಗೀತು. ಮುಂದಿನದು ಬರೀ ನಿಮ್ಮ ಮೊದಲ ಪ್ಯಾರಾ ಬಗ್ಗೆ, ಉಳಿದಿದ್ದನ್ನ ನಾನು ಮುಟ್ಟಲ್ಲ.

ಮೊದಲ ವಾಕ್ಯ: ‘ಮನುಷ್ಯರ ಕಣ್ಣಿಗೆ ಇದುವರೆಗೂ ಬೀಳದ ಈ ಅದ್ಭುತ ಅಣಬೆಯನ್ನು 2020ರಲ್ಲಿ ವಿಜ್ಞಾನಿಗಳು ಪತ್ತೆಹಚ್ಚಿದರು.’ ಇಲ್ಲೇ ನಂಗೆ ಮೈ ಉರಿದಿದ್ದು. ನಾಲ್ಕನೇ ಪ್ಯಾರಾದಲ್ಲಿ ನೀವೇ ಬರ್ದಿದೀರಿ, ಅಲ್ಲಿನ ಜನ ಇದನ್ನ ‘ಎಲೆಕ್ಟ್ರಿಕ್ ಅಣಬೆ’ ಅಂತಾರೆ, ಇದು ಬೆಳೆದಿರೋ ಬಿದಿರ ಕಡ್ಡಿ ಹಿಡ್ಕೊಂಡು ರಾತ್ರಿ ಕಾಡಲ್ಲಿ ದಾರಿ ನೋಡ್ಕೋತಾರೆ ಅಂತ. ಹಾಗಾದ್ರೆ ಅವ್ರು ಮನುಷ್ಯರ ಲೆಕ್ಕಕ್ಕೆ ಬರಲ್ವಾ? ಸಮೀಕ್ಷೆ ಮಾಡೋಕೆ ಹೋದ ತಂಡನ ಬಿದಿರು ಮೆಳೆಗೆ ಕರ್ಕೊಂಡು ಹೋಗಿ ‘ಟಾರ್ಚ್ ಆರ್ಸಿ’ ಅಂದಿದ್ದೇ ಊರಿನವರು. 2020ರಲ್ಲಿ ಆಗಿದ್ದು ಅದಕ್ಕೊಂದು ಲ್ಯಾಟಿನ್ ಹೆಸರು ಬಿದ್ದಿದ್ದು, ‘ಫೈಟೊಟ್ಯಾಕ್ಸಾ’ ಅನ್ನೋ ಜರ್ನಲ್‌ನಲ್ಲಿ ಅದರ ವರ್ಣನೆ ಅಚ್ಚಾಗಿದ್ದು. ಅದೇನು ಸಣ್ಣ ಕೆಲಸ ಅಲ್ಲ, ಆದ್ರೆ ಅದು ಬೇರೆ ಕೆಲಸ. ಮಗು ಹುಟ್ಟೋದು ಬೇರೆ, ನಾಮಕರಣ ಬೇರೆ ಅಲ್ವಾ.

ಎರಡನೇದು: ‘ಕತ್ತಲಾದೊಡನೆ ಇಡೀ ಅಣಬೆ ಮಾಯಾಲೋಕದಂತೆ ಹಸಿರಾಗಿ ಝಗಮಗಿಸುತ್ತದೆ.’ ಇಡೀ ಅಣಬೆ ಅಲ್ಲ ಸ್ವಾಮಿ. ಈ ಅಣಬೆಯ ವಿಶೇಷನೇ ಅದು, ಬೆಳಗೋದು ಕಾಂಡ, ಮೇಲಿನ ಟೋಪಿ ಅಲ್ಲ. ಕತ್ತಲಲ್ಲಿ ಸಣ್ಣ ಹಸಿರು ಕಡ್ಡಿಗಳು ನಿಂತಿರ್ತವೆ ಅಂತ ಬರ್ದಿದ್ರೆ ಓದೋರಿಗೆ ಕಣ್ಣಿಗೆ ಕಟ್ತಿತ್ತು, ನೀವು ಮಾಯಾಲೋಕ ತಂದು ಎಲ್ಲಾ ಕಲಸಿ ಹಾಕಿದ್ರಿ. ಝಗಮಗ ಅನ್ನೋದು ಮದುವೆ ಛತ್ರದ ಸೀರಿಯಲ್ ಸೆಟ್ಟಿಗೆ ಹೇಳೋ ಮಾತು. ಇದು ಮಿಣಮಿಣ ಕೂಡ ಅಲ್ಲ, ಯಾಕಂದ್ರೆ ಮಿಂಚುಹುಳದ ಥರ ಹತ್ತಿ ಆರಲ್ಲ, ಲೂಸಿಫೆರಿನ್ ಅನ್ನೋ ವಸ್ತು ಆಮ್ಲಜನಕದ ಜೊತೆ ಸೇರ್ತಾ ಇರೋ ತನಕ ಒಂದೇ ಸಮ ಮಂಕಾಗಿ ಇರುತ್ತೆ.

ಮೂರನೇದು: ‘ಕಾಡಿನ ಮರಗಳ ಮೇಲೆ ಬೆಳೆಯುವ ಇದು ನೋಡಲು ಪುಟ್ಟದಾಗಿ, ಸುಂದರವಾಗಿ, ಆಕರ್ಷಕವಾಗಿದೆ.’ ಯಾವ ಮರ? ಇದು ಸಿಕ್ಕಿದ್ದು ಸತ್ತ ಬಿದಿರ ಮೇಲೆ, ಬಿದಿರು ಮರನೂ ಅಲ್ಲ, ಹುಲ್ಲಿನ ಜಾತಿ. ಆ ಬಿದಿರಿನ ಕುಲ ಫಿಲ್ಲೊಸ್ಟಾಕಿಸ್, ಅಣಬೆ ಹೆಸರಿನ ಎರಡನೇ ಪದ ಬಂದಿರೋದೇ ಅಲ್ಲಿಂದ. ಮೊದಲನೇ ಪದದಲ್ಲಿ ಇಬ್ಬನಿ ಇದೆ, ಯಾಕಂದ್ರೆ ಈ ಕುಲದ ಅಣಬೆಗಳ ಕಾಂಡಕ್ಕೆ ಒದ್ದೆ ಇದ್ದಾಗ ಲೋಳೆ ಮೆತ್ತಿರುತ್ತೆ, ಬೆಂಡೆಕಾಯಿ ಹೆಚ್ಚಿದ ಚಾಕು ಥರ. ಹೆಸರಲ್ಲೇ ಬಿದಿರೂ ಇದೆ ಇಬ್ಬನಿಯೂ ಇದೆ, ನೀವು ‘ಸುಂದರ, ಆಕರ್ಷಕ’ ಅಂತ ಬರ್ದು ಮುಂದೆ ಹೋಗ್ಬಿಟ್ರಿ!

ಇದು ನಂಗೆ ಯಾಕಿಷ್ಟು ಚುಚ್ಚುತ್ತೆ ಅಂದ್ರೆ ನಾನೂ ಇದೇ ತಪ್ಪು ಮಾಡಿ ಬೈಸ್ಕೊಂಡೋನು. ಎಂಎಸ್ಸಿ ಓದೋವಾಗ ಮಳೆಗಾಲದಲ್ಲಿ ಬಿದ್ದಿದ್ದ ಹಲಸಿನ ದಿಮ್ಮಿ ಮೇಲೆ ಗುಂಪಾಗಿ ಎದ್ದಿದ್ದ ಅಣಬೆ ಕಿತ್ತು, ಹೊಸ ಜಾತಿನೇ ಇರ್ಬೇಕು ಅಂತ ಜಂಬದಿಂದ ಟಿಫಿನ್ ಡಬ್ಬಿಗೆ ಹಾಕಿ, ನೋಟ್ಸ್ ನಾಳೆ ಬರ್ಕೊಂಡ್ರಾಯ್ತು ಅಂತ ಮಲಗಿದೆ. ಬೆಳಗ್ಗೆ ಮುಚ್ಚಳ ತೆಗೆದ್ರೆ ಅಣಬೆನೇ ಇಲ್ಲ, ತಳದಲ್ಲಿ ಕಪ್ಪು ಶಾಯಿ. ಶಾಯಿ ಅಣಬೆ ಅಂತ ಒಂದು ಬಗೆ ಇದೆ, ಬಲಿತ ಮೇಲೆ ತಾನೇ ಕರಗಿ ಹೋಗುತ್ತೆ, ಹೊಸದೂ ಅಲ್ಲ ಏನೂ ಅಲ್ಲ. ನಮ್ಮ ಮೇಷ್ಟ್ರು ನಗಲಿಲ್ಲ, ‘ಸರಿ, ನೆನ್ನೆ ಹೇಗಿತ್ತು ಹೇಳು’ ಅಂದ್ರು. ಚೆನ್ನಾಗಿತ್ತು ಸಾರ್ ಅಂದೆ. ಬಣ್ಣ? ಕಂದು. ಯಾವ ಕಂದು, ಹಳೇ ಬೆಲ್ಲದ್ದಾ, ಅಡಿಕೆ ಸಿಪ್ಪೆದಾ, ಕಾಫಿ ಡಿಕಾಕ್ಷನ್‌ದಾ? ಟೋಪಿ ಅಂಚು ನೆಟ್ಟಗಿತ್ತಾ, ಒಳಗೆ ಮಡಿಸ್ಕೊಂಡಿತ್ತಾ? ಮೂಸಿದ್ಯಾ? ನಂಗೆ ಒಂದೂ ಗೊತ್ತಿರ್ಲಿಲ್ಲ. ಆಮೇಲೆ ಆ ಮಳೆಗಾಲ ಪೂರ್ತಿ ಅವ್ರು ನಂಗೆ ಮೈಕ್ರೋಸ್ಕೋಪ್ ಮುಟ್ಟೋಕೆ ಬಿಡ್ಲಿಲ್ಲ, ದಿನಾ ಒಂದು ಅಣಬೆ ತಂದು ಕಿತ್ತ ಜಾಗದಲ್ಲೇ ಕೂತು ಒಂದು ಪುಟ ಬರೀಬೇಕು, ಚೆಂದ ಅನ್ನೋ ಪದ ಬಂದ್ರೆ ಪುಟ ಹರಿದು ಹಾಕೋರು. ಮನೆಯಲ್ಲಿ ಅಮ್ಮ, ಹುತ್ತದ ಅಣಬೆ ಆದ್ರೂ ತಂದ್ರೆ ಪಲ್ಯ ಆಗ್ತಿತ್ತು, ಇವೆಲ್ಲ ಏನಕ್ಕೆ ಅಂತ ಬಯ್ಯೋಳು.

ಹೊಸ ಜಾತಿ ವರ್ಣಿಸೋರು ಮಾಡೋದೂ ಅದನ್ನೇ. ಒಣಗಿದ ಮೇಲೆ ಬಣ್ಣ, ವಾಸನೆ, ಲೋಳೆ ಎಲ್ಲಾ ಹೋಗುತ್ತೆ, ಅದಕ್ಕೇ ಹಸಿ ಇರೋವಾಗ್ಲೇ ಬರ್ಕೋಬೇಕು. ಆಮೇಲೆ ಬೀಜಾಣು ಅಳತೆ, ಅದೂ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ, ಆಮೇಲೆ ಡಿಎನ್‌ಎ ಹೋಲಿಕೆ, ಒಣಗಿಸಿದ ಒಂದು ಮಾದರಿ ಹರ್ಬೇರಿಯಂನಲ್ಲಿ, ಅಂದ್ರೆ ಒಣ ಮಾದರಿಗಳನ್ನ ಕಾಪಾಡೋ ಸಂಗ್ರಹದಲ್ಲಿ, ಖಾಯಂ ಇಡಬೇಕು, 2013ರಿಂದ ಹೆಸರಿಗೊಂದು ನೋಂದಣಿ ನಂಬರ್ ಕೂಡ ಕಡ್ಡಾಯ. ನೀವು ‘ಫೋಟೋ ನೋಡಿದ ಕೂಡಲೇ ತಜ್ಞರಿಗೆ ಹೊಸ ಪ್ರಭೇದವೆಂದು ತಿಳಿಯಿತು’ ಅಂತ ಬರ್ದಿದೀರಲ್ಲ, ನಮ್ಮ ಕಾರ್ಕಳದ ಕಡೆ 2023ರ ಜೂನ್‌ನಲ್ಲಿ ಕಪ್ಪೆ ಪಕ್ಕೆಯಲ್ಲಿ ಅಣಬೆ ಮೊಳೆತಿತ್ತು ನೆನಪಿದ್ಯಾ? ಫೋಟೋ ಲೋಕ ಸುತ್ತಿತು, ಕೊಳೆತ ಮರದ ಮೇಲೆ ಬರೋ ಮೈಸೀನಾ ಗುಂಪಿನದು ಅಂತ ತಜ್ಞರು ಅಂದಾಜು ಹೇಳಿದ್ರು, ಅದ್ರಲ್ಲಿ ಯಾವ ಜಾತಿ ಅಂತ ಹೇಳೋಕೆ ಆಗ್ಲೇ ಇಲ್ಲ, ಯಾಕಂದ್ರೆ ಕಪ್ಪೆನ ಹಿಡ್ಕೊಂಡು ಬಂದಿರ್ಲಿಲ್ಲ. ಹಾಗೇ ಬಿಟ್ಟಿದ್ದು ಕಪ್ಪೆಗೆ ಒಳ್ಳೇದೇ ಆಯ್ತೇನೋ, ಆ ಮಾತು ಬೇರೆ.

ಈಗ ನೀವು ಮಾಡ್ಬೇಕಾದ್ದು ಇಷ್ಟು. ಮೇಘಾಲಯಕ್ಕೆ ಹೋಗಿಲ್ಲ ಅಂತ ಪತ್ರದಲ್ಲಿ ಒಪ್ಕೊಂಡಿದೀರಿ, ತೊಂದ್ರೆ ಇಲ್ಲ, ಮನೆ ಹಿಂದೆ ಕೊಳೀತಿರೋ ಯಾವುದಾದ್ರೂ ಕೊಂಬೆ ಮೇಲೆ ಬಂದಿರೋ ಅಣಬೆ ಮುಂದೆ ಅರ್ಧ ಗಂಟೆ ಕೂತು ಒಂದು ಪುಟ ಬರೀರಿ, ತಿನ್ನೋಕೆ ಮಾತ್ರ ಹೋಗ್ಬೇಡಿ. ಅದಾದ ಮೇಲೆ ಈ ಪ್ಯಾರಾಗೆ ಕೈ ಹಾಕಿ, ಊರಿನವರ ಟಾರ್ಚ್ ಆರ್ಸಿದ ಮಾತಿಂದ ಶುರು ಮಾಡಿ. ಹನ್ನೊಂದು ಕಡೆ ಅದ್ಭುತ ಇದೆ, ನಾನು ಎಣಿಸಿದೀನಿ, ಒಂದನ್ನ ಬೇಕಾದ್ರೆ ಇಟ್ಕೊಳ್ಳಿ. ಬೆಳಗೋದು ಕಾಂಡ ಅನ್ನೋದನ್ನ ಮಾತ್ರ ಇವತ್ತೇ ತಿದ್ದಿ ಕಳ್ಸಿ.